ಇಂಜಿನ್ನಿನ ತಳದಲ್ಲೊಂದು ತಕರಾರು

ಬಾನೆಟ್ ಎತ್ತಿ ನಿಂತವರ ಕಣ್ಣಿಗೆ ಬೀಳದ ಭಾಗವೆಂದರೆ ಆಯಿಲ್ ಪ್ಯಾನ್. ನಮ್ಮ ಗ್ಯಾರೇಜುಗಳಲ್ಲಿ ಅದಕ್ಕೆ ಚೇಂಬರ್ ಎನ್ನುತ್ತಾರೆ, ಕಂಪನಿಯ ಪುಸ್ತಕಗಳಲ್ಲಿ ಸಂಪ್ ಎಂದೂ ಇರುತ್ತದೆ. ಕ್ರ್ಯಾಂಕಿನ ಕೆಳಗೆ ಬೋಲ್ಟು ಹಾಕಿ ಬಿಗಿದ ತೊಟ್ಟಿ ಅದು. ಇಂಜಿನ್ ತುಂಬಾ ಓಡಾಡಿದ ಆಯಿಲ್ ಕೊನೆಗೆ ಅಲ್ಲಿಗೇ ಇಳಿಯುತ್ತದೆ, ಪಂಪು ಅಲ್ಲಿಂದಲೇ ಹೀರಿ ಮತ್ತೆ ಬೇರಿಂಗುಗಳಿಗೆ ಕಳಿಸುತ್ತದೆ. ಮನೆಗೂ ಆಫೀಸಿಗೂ ಓಡಾಡುವ ಕಾರಿನಲ್ಲಿ ಅದರ ಬಗ್ಗೆ ಯೋಚಿಸುವ ಸಂದರ್ಭವೇ ಬರುವುದಿಲ್ಲ. ಅದೇ ಕಾರು ರೇಸ್ ಟ್ರ್ಯಾಕಿಗೆ ಇಳಿದರೆ ಇಂಜಿನ್ ಉಳಿಯುವುದೂ ಹೋಗುವುದೂ ಆ ತೊಟ್ಟಿಯ ಆಕಾರದ ಮೇಲೆ ನಿಲ್ಲಬಹುದು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ಮನೆಗೆ ಹೊಂದಿಕೊಂಡ ಗ್ಯಾರೇಜಿನಲ್ಲಿ, ಇದೇ ವಿಷಯಕ್ಕೆ ಮಾವ ಅಳಿಯನ ನಡುವೆ ವಾದ ಎದ್ದಿತು. ಅಳಿಯ ಸಾಫ್ಟ್‌ವೇರ್ ಇಂಜಿನಿಯರ್. ಅವನದು 2000ನೇ ಇಸವಿಯ ಷೆವ್ರೊಲೆ ಕಾರ್ವೆಟ್, ಅಭಿಮಾನಿಗಳು ಸಿ5 ಎಂದು ಕರೆಯುವ ಐದನೇ ತಲೆಮಾರಿನ ಕಾರು. ಬಿಡುವಾದಾಗ ಅದನ್ನು ಲಗುನಾ ಸೆಕಾ ಟ್ರ್ಯಾಕಿಗೆ ಒಯ್ಯುತ್ತಾನೆ. ಸೋದರಮಾವ ಹಾಸನದಲ್ಲಿ ದಶಕಗಳ ಕಾಲ ಗ್ಯಾರೇಜು ನಡೆಸಿದವರು, ಈಗ ತಂಗಿಯ ಮಗನ ಮನೆಗೆ ಬಂದಿದ್ದಾರೆ. ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿತ್ತು. ಮಾವ ಟಾರ್ಚು ಹಿಡಿದು ಬಗ್ಗಿ ನೋಡಿದರು.

“ಇದೇನೋ, ಚೇಂಬರಿಗೆ ಎರಡೂ ಕಡೆ ರೆಕ್ಕೆ ಬಿಟ್ಟಿದಾರೆ?”

“ಅದಕ್ಕೇ ಬ್ಯಾಟ್‌ವಿಂಗ್ ಪ್ಯಾನ್ ಅಂತಾರೆ ಮಾವ. ಕಾರು ನೆಲಕ್ಕೆ ತುಂಬ ಹತ್ತಿರ, ಆಳದ ಚೇಂಬರ್ ಇಡೋಕೆ ಜಾಗ ಇಲ್ಲ. 1997ರಲ್ಲಿ ಜನರಲ್ ಮೋಟರ್ಸ್‌ನೋರು ಎಲ್‌ಎಸ್1 ಇಂಜಿನ್ ತಂದಾಗ ಆಳ ಕಮ್ಮಿ ಮಾಡಿ ಅಗಲ ಜಾಸ್ತಿ ಮಾಡಿದರು. ಆರೂವರೆ ಕ್ವಾರ್ಟ್ ಹಿಡಿಯತ್ತೆ, ಆರು ಲೀಟರಿಗೆ ಸ್ವಲ್ಪ ಮೇಲೆ.”

“ಏನು ತೊಂದರೆ ಕೊಟ್ಟಿದೆ?”

“ಇನ್ನೂ ಕೊಟ್ಟಿಲ್ಲ. ಕೊಡೋಕೆ ಮುಂಚೆ, ಆಯಿಲ್ ಬೇರೆ ಟ್ಯಾಂಕಿನಲ್ಲಿ ಇರೋ ಡ್ರೈ ಸಂಪ್ ಹಾಕಿಸಿಬಿಡೋಣ ಅಂತ.”

“ಬರದೇ ಇರೋ ಕಾಯಿಲೆಗೆ ಆಪರೇಷನ್ನಾ?”

“ಬಂದ ಮೇಲೆ ಮಾಡಿಸೋಕೆ ಇಂಜಿನ್ನೇ ಇರಲ್ಲ ಮಾವ. ಲೆಕ್ಕ ನೋಡಿ. ಟ್ರ್ಯಾಕಿಗೆ ಅಂತ ಮಾಡಿದ ಟಯರಿದ್ದರೆ ಈ ಕಾರು ತಿರುವಿನಲ್ಲಿ ಒಂದು ಜಿ ಎಳೆಯತ್ತೆ. ಭೂಮಿ ಕೆಳಕ್ಕೆ ಎಳೆಯುವಷ್ಟೇ ಬಲ ಪಕ್ಕಕ್ಕೂ ಬಿತ್ತು ಅಂತ. ಆಗ ಚೇಂಬರಿನೊಳಗೆ ಆಯಿಲ್ ಮಟ್ಟವಾಗಿ ನಿಲ್ಲಲ್ಲ, 45 ಡಿಗ್ರಿ ಓರೆ ಆಗತ್ತೆ. ಸ್ಲಿಕ್ ಟಯರ್ ಹಾಕಿ 1.3 ಜಿ ಬಂತು ಅಂದರೆ 52 ಡಿಗ್ರಿ. ಆಯಿಲೆಲ್ಲ ಆ ಕಡೆ ರೆಕ್ಕೆಗೆ ಓಡಿಹೋದರೆ ಪಿಕಪ್ ಪೈಪು ಏನನ್ನ ಹೀರಬೇಕು?”

“ಗಾಳೀನ. ಎಷ್ಟು ಹೊತ್ತು?”

“ಉದ್ದದ ತಿರುವಾದರೆ ಎರಡು ಸೆಕೆಂಡ್, ಮೂರು ಸೆಕೆಂಡ್. 6000 ಆರ್‌ಪಿಎಂ ಅಂದರೆ ಸೆಕೆಂಡಿಗೆ ನೂರು ಸುತ್ತು. ಮೂರು ಸೆಕೆಂಡಲ್ಲಿ ಕ್ರ್ಯಾಂಕು ಮುನ್ನೂರು ಸಲ ಗಾಳಿ ಬೆರೆತ ಆಯಿಲ್ ಮೇಲೆ ತಿರುಗಿರತ್ತೆ.”

ಮಾವ ಇದಕ್ಕೆ ಎದುರಾಡಲಿಲ್ಲ. ಕ್ರ್ಯಾಂಕಿಗೂ ಅದರ ಬೇರಿಂಗಿಗೂ ನಡುವೆ ಇರುವ ಸಂದು ಸುಮಾರು 0.05 ಮಿಲಿಮೀಟರ್. ಓಡುವ ಇಂಜಿನ್ನಿನಲ್ಲಿ ಆ ಸಂದಿನ ತುಂಬ ಆಯಿಲಿನ ಪದರವಿರುತ್ತದೆ, ಕ್ರ್ಯಾಂಕು ತೇಲುವುದು ಅದರ ಮೇಲೆಯೇ. ಎಲ್ಲ ಸರಿಯಿದ್ದರೆ ಲೋಹಕ್ಕೆ ಲೋಹ ತಾಗುವುದಿಲ್ಲ. ಆಯಿಲಿನ ಜತೆ ಗಾಳಿಯ ಗುಳ್ಳೆ ಬಂದರೆ ಪದರ ಹರಿಯುತ್ತದೆ. ಬೇರಿಂಗಿನ ಮೆದು ಲೋಹ ಒರೆಸಿಕೊಂಡು ಹೋಗುತ್ತದೆ, ಬಿಸಿ ಏರುತ್ತದೆ, ಕೊನೆಗೆ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ತೂತು ಮಾಡಿಕೊಂಡು ಹೊರಬರುವುದೂ ಉಂಟು.

“ಬೇರಿಂಗ್ ಹೋದ ಇಂಜಿನ್ ಎಷ್ಟೋ ಬಿಚ್ಚಿದೀನಿ,” ಎಂದರು ಮಾವ. “ಆಯಿಲ್ ಇಳಿಸಿದರೆ ಹೊಳೆಯೋ ಪುಡಿ ಬರುತ್ತೆ. ಅದನ್ನ ನೋಡಿದ ಮೇಲೆ ಗಿರಾಕಿಗೆ ಬೇರೆ ಏನೂ ಹೇಳಬೇಕಾಗಿಲ್ಲ. ಆದರೆ ನಾನು ಕಂಡಿದ್ದು ತಿರುವಲ್ಲಿ ಆಯಿಲ್ ಸಿಗದೆ ಹೋದವಲ್ಲ. ಶಿರಾಡಿ ಘಾಟಿ ರಸ್ತೆ ಕಿತ್ತುಹೋದ ಮಳೆಗಾಲದಲ್ಲಿ ಚೇಂಬರ್ ಒಡಕೊಂಡು ಬರೋವು. ಅಂಬಾಸಡರ್ ಚೇಂಬರು ಉಕ್ಕಿನ ಶೀಟು. ಕಲ್ಲು ತಾಗಿದರೆ ನೆಗ್ಗೋದು, ಇಳಿಸಿ ತಟ್ಟಿ ಗ್ಯಾಸ್ಕೆಟ್ ಹಾಕಿ ಕೂರಿಸ್ತಿದ್ವಿ. ಎರಕದ ಅಲ್ಯೂಮಿನಿಯಂ ಬಂದ ಮೇಲೆ ನೆಗ್ಗೋದು ಹೋಯ್ತು, ಸೀಳೋದು ಬಂತು. ಎಂ-ಸೀಲ್ ಮೆತ್ತಿ ಊರು ಸೇರಿಸಬೇಕಿತ್ತು. ಅದಕ್ಕೇ ಕೇಳೋದು, ನೀನು ಹಾಕಿಸೋದು ನೆಲದಿಂದ ಎಷ್ಟು ಮೇಲೆ ಇರುತ್ತೆ?”

“ಡ್ರೈ ಸಂಪಿಗೆ ಅದೇ ಲಾಭ ಮಾವ. ಅದರ ಪ್ಯಾನು ಇನ್ನೂ ತೆಳು. ಆಯಿಲ್ ಅಲ್ಲಿ ಇರೋದೇ ಇಲ್ಲವಲ್ಲ.”

“ಉಕ್ಕಿಂದೇ ಯಾಕೆ ಹಾಕಬಾರದು?”

“ಹಳೇ ಷೆವಿ ಇಂಜಿನ್ನುಗಳಿಗೆ ಶೀಟಿನದು ನಡೀತಿತ್ತು. ಎಲ್‌ಎಸ್‌ನಲ್ಲಿ ಎರಕದ ಪ್ಯಾನು ಬರೀ ತೊಟ್ಟಿ ಅಲ್ಲ. ಅದು ಕೂತ ಮೇಲೆ ಇಂಜಿನ್ ಕೆಳಭಾಗಕ್ಕೆ ಗಟ್ಟಿತನ ಬರತ್ತೆ. ಬೆಲ್ ಹೌಸಿಂಗಿನ ಬೋಲ್ಟು ಬ್ಲಾಕಿಗೂ ಬರತ್ತೆ, ಪ್ಯಾನಿಗೂ ಬರತ್ತೆ. ತೆಗೆದು ಕೂರಿಸುವಾಗ ಪ್ಯಾನಿನ ಹಿಂಬದಿ ಬ್ಲಾಕಿನ ಹಿಂಬದಿಗೆ ಸರಿಸಮ ನಿಲ್ಲಬೇಕು. ಸ್ವಲ್ಪ ಮುಂದೆ ಹಿಂದೆ ಆದರೂ ಬೋಲ್ಟು ಬಿಗಿಯುವಾಗ ಎರಕದ ಮೇಲೆ ಎಳೆತ ಬೀಳತ್ತೆ.”

ಹಿರಿಯರು ಬೆಂಚಿನ ಮೇಲಿದ್ದ ಕ್ಯಾಟಲಾಗು ಎತ್ತಿಕೊಂಡರು. ಮೊರೊಸೊ, ಕ್ಯಾಂಟನ್, ಮಿಲೊಡಾನ್, ಹೋಲಿ ಎಂಬ ಕಂಪನಿಗಳ ಹೆಸರುಗಳ ಕೆಳಗೆ ಹತ್ತಾರು ಚಿತ್ರಗಳಿದ್ದವು.

“ಇಂಜಿನ್ನು ಒಂದೇ, ಚೇಂಬರ್ ಮಾತ್ರ ಇಷ್ಟೊಂದು ಥರ?”

“ಎಲ್ಲಿ ಓಡಿಸ್ತೀವಿ ಅನ್ನೋದರ ಮೇಲೆ ಹೋಗತ್ತೆ. ಡ್ರ್ಯಾಗ್ ರೇಸು ಬರೀ ನೇರ ರಸ್ತೆ. ಕಾರು ಮುಂದಕ್ಕೆ ಚಿಮ್ಮಿದಾಗ ಆಯಿಲ್ ಹಿಂದಕ್ಕೆ ನುಗ್ಗತ್ತೆ, ಅದಕ್ಕೆ ಹಿಂದುಗಡೆ ಆಳ ಇರೋ ಪ್ಯಾನು, ಪಿಕಪ್ಪೂ ಅಲ್ಲೇ. ಓವಲ್ ಟ್ರ್ಯಾಕಲ್ಲಿ ಯಾವಾಗಲೂ ಎಡಕ್ಕೇ ತಿರುಗೋದು, ಆಯಿಲ್ ಬಲಕ್ಕೆ ಬೀಳತ್ತೆ. ಅದಕ್ಕೆ ಬಲಗಡೆ ಉಬ್ಬು ಕೊಟ್ಟು ಪಿಕಪ್ಪನ್ನೂ ಆ ಕಡೆಗೆ ಸರಿಸಿರ್ತಾರೆ. ನಾವು ಓಡಿಸೋದು ಎಡ ಬಲ ಎರಡೂ ಇರೋ ರೋಡ್ ರೇಸು. ಇಲ್ಲಿ ನಾಲ್ಕೂ ಕಡೆಯಿಂದ ಆಯಿಲ್ ತಡೀಬೇಕು.”

“ಹಂಗಾದರೆ ಡ್ರ್ಯಾಗಿನ ಚೇಂಬರು ಎಂಟು ಲೀಟರ್ ಹಿಡಿದರೂ ನಿನ್ನ ಟ್ರ್ಯಾಕಿನಲ್ಲಿ ಕೆಲಸಕ್ಕೆ ಬರೋದಿಲ್ಲ.”

“ಬ್ರೇಕ್ ಹಿಡಿದ ತಕ್ಷಣ ಅಷ್ಟೂ ಆಯಿಲ್ ಪಿಕಪ್ ಬಿಟ್ಟು ಮುಂದಕ್ಕೆ ಹೋಗತ್ತೆ.”

“ಅಂದಮೇಲೆ ಅಂಗಡಿಯಲ್ಲಿ ಮೊದಲು ಕೇಳಬೇಕಾಗಿರೋದು ಎಷ್ಟು ಲೀಟರ್ ಅಂತಲ್ಲ. ನನ್ನ ಕಾರಲ್ಲಿ ಆಯಿಲ್ ಯಾವ ಕಡೆಗೆ ಓಡುತ್ತೆ, ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತೆ, ಅದು ಗೊತ್ತಿರಬೇಕು. ನಿನ್ನ ಟ್ರ್ಯಾಕು ಹೇಗಿದೆ ಹೇಳು.”

ಲಗುನಾ ಸೆಕಾ 1957ರಲ್ಲಿ ಶುರುವಾದ ಟ್ರ್ಯಾಕು. ಒಂದು ಸುತ್ತಿಗೆ ಸುಮಾರು 3.6 ಕಿಲೋಮೀಟರ್, 11 ತಿರುವು. ಕಾರುಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವುದರಿಂದ ಎಡದ ತಿರುವುಗಳೇ ಹೆಚ್ಚು. ನೇರ ದಾರಿಯ ವೇಗದಲ್ಲಿ ಬಂದು ಜೋರಾಗಿ ಬ್ರೇಕು ಹಿಡಿದು ಎರಡನೇ ತಿರುವಿಗೆ ಇಳಿಯಬೇಕು. ಎಡಕ್ಕೆ ಹೇರ್‌ಪಿನ್ನಿನಂತೆ ಸುತ್ತುವ ಉದ್ದ ತಿರುವು ಅದು. ಬ್ರೇಕಿಗೆ ಆಯಿಲ್ ಮುಂದಕ್ಕೆ ನುಗ್ಗಿ, ಅದರ ಬೆನ್ನಿಗೇ ಬಲಕ್ಕೆ ವಾಲುತ್ತದೆ. ಎಂಟನೇ ತಿರುವಾದ ಕಾರ್ಕ್‌ಸ್ಕ್ರೂ ಬಹಳ ಪ್ರಸಿದ್ಧ. ಎಡಕ್ಕೂ ಬಲಕ್ಕೂ ತಿರುಚಿಕೊಂಡು ರಸ್ತೆ ಅಲ್ಲಿ ಸುಮಾರು 18 ಮೀಟರ್ ಕೆಳಗೆ ಧುಮುಕುತ್ತದೆ. ಫೋಟೊಗಳಲ್ಲಿ ಎದೆ ನಡುಗಿಸುವುದು ಕಾರ್ಕ್‌ಸ್ಕ್ರೂ, ಆಯಿಲಿಗೆ ಕಷ್ಟ ಕೊಡುವುದು ಹೊತ್ತು ಹಿಡಿಯುವ ತಿರುವುಗಳು. ಅರೆಗಳಿಗೆಯಲ್ಲಿ ಮುಗಿಯುವ ತಿರುವಿನಲ್ಲಿ ಪಿಕಪ್ಪಿನ ಸುತ್ತ ಉಳಿದ ಆಯಿಲೇ ಪಂಪಿಗೆ ಸಾಕಾಗುತ್ತದೆ.

“ಇದೇ ಚೇಂಬರಿನ ಒಳಗೆ ತಡೆಗೋಡೆ ಹಾಕಿಸು,” ಎಂದರು ಮಾವ. “ಇದೇ ಪುಸ್ತಕದಲ್ಲಿ ಇದೆಯಲ್ಲ, ಪಿಕಪ್ ಸುತ್ತ ಪೆಟ್ಟಿಗೆ ಕಟ್ಟಿ ಬಾಗಿಲು ಇಟ್ಟಿದಾರೆ.”

“ಬ್ಯಾಫಲ್ಲು, ಟ್ರ್ಯಾಪ್ ಡೋರು. ಆ ಬಾಗಿಲು ಒಳಗಡೆಗೆ ಮಾತ್ರ ತೆರೆಯತ್ತೆ. ಆಯಿಲ್ ಪಿಕಪ್ ಕಡೆ ಬಂದರೆ ಬಿಡತ್ತೆ, ವಾಪಸ್ ಓಡೋಕೆ ನೋಡಿದರೆ ಮುಚ್ಕೊಳ್ಳತ್ತೆ.”

“ಕಂಪನಿ ಚೇಂಬರ್ ಹಂಗೇ ಉಳೀತು, ಗಟ್ಟಿತನ ಉಳೀತು, ನೆಲದ ಅಂತರ ಉಳೀತು. ಖರ್ಚೆಷ್ಟು?”

“ಕೆಲವು ನೂರು ಡಾಲರ್. ಡ್ರೈ ಸಂಪ್ ಆದರೆ ಸಾವಿರಗಳ ಲೆಕ್ಕ.”

“ಮತ್ತೆ ಯಾಕೆ ಹಿಂಜರಿತ?”

“ಕೆಳಗೆ ಇರೋ ಆಯಿಲನ್ನ ಮಾತ್ರ ಬ್ಯಾಫಲ್ ಕಾಯತ್ತೆ ಮಾವ. ಮೇಲೆ ಸಿಕ್ಕಾಕಿಕೊಂಡಿದ್ದನ್ನ ಯಾರು ಇಳಿಸ್ತಾರೆ? ಇದು ವಿ8. ಎರಡು ಹೆಡ್ಡು ಎರಡು ಪಕ್ಕಕ್ಕೆ ವಾಲಿ ಕೂತಿವೆ. ಆರು ಸಾವಿರ ಆರ್‌ಪಿಎಂನಲ್ಲಿ ಪಂಪು ಎಡೆಬಿಡದೆ ಮೇಲಕ್ಕೆ ದೂಡ್ತಾ ಇರತ್ತೆ. ಉದ್ದ ತಿರುವಿನಲ್ಲಿ ಹೊರಬದಿಯ ಹೆಡ್ಡಿನ ಆಯಿಲ್ ವಾಲ್ವ್ ಕವರಿಗೆ ಅಂಟಿಕೊಂಡು ನಿಲ್ಲತ್ತೆ, ಕೆಳಕ್ಕೆ ಬರೋದೇ ಇಲ್ಲ. ಚೇಂಬರ್ ಖಾಲಿ ಆದ ಮೇಲೆ ಬಾಗಿಲು ಮುಚ್ಚಿ ಏನು ಕಾಯೋದು?”

ಹಿರಿಯರು ಸ್ವಲ್ಪ ಹೊತ್ತು ಯೋಚಿಸಿದರು. “ಒಂದು ಲೀಟರ್ ಜಾಸ್ತಿ ಹಾಕು.”

“ಕೆಲವರು ಹಾಕ್ತಾರೆ. ಒಂದು ಮಿತಿ ತನಕ ಸರಿ. ಅದಕ್ಕಿಂತ ಹೆಚ್ಚಾದರೆ ಕ್ರ್ಯಾಂಕು ಆಯಿಲಿಗೆ ಬಡಿದು ನೊರೆ ಎಬ್ಬಿಸತ್ತೆ.”

ನೊರೆಯ ಮಾತು ಪ್ಯಾನಿನ ಇನ್ನೊಂದು ಕೆಲಸಕ್ಕೆ ಸೇರಿದ್ದು. ರಭಸದಿಂದ ತಿರುಗುವ ಕ್ರ್ಯಾಂಕು ತನ್ನ ಸುತ್ತ ಗಾಳಿಯ ಸುಳಿ ಎಬ್ಬಿಸುತ್ತದೆ. ಬೇರಿಂಗುಗಳಿಂದ ಸಿಡಿದ ಆಯಿಲ್ ಆ ಸುಳಿಗೆ ಸಿಕ್ಕಿ ಕ್ರ್ಯಾಂಕಿನ ಜತೆ ಸುತ್ತುತ್ತಿದ್ದರೆ ಇಂಜಿನ್ನಿನ ಶಕ್ತಿಯ ಒಂದು ಪಾಲು ಅದನ್ನು ಕಡೆಯುವುದರಲ್ಲೇ ಕಳೆದುಹೋಗುತ್ತದೆ. ಅದನ್ನು ತಡೆಯಲು ಕ್ರ್ಯಾಂಕಿಗೂ ಆಯಿಲಿಗೂ ನಡುವೆ ವಿಂಡೇಜ್ ಟ್ರೇ ಎಂಬ ತಗಡು ಇಡುತ್ತಾರೆ. ಕ್ರ್ಯಾಂಕಿಗೆ ಮೆತ್ತಿದ ಆಯಿಲನ್ನು ಕೆರೆದು ಇಳಿಸಲು ಸ್ಕ್ರೇಪರ್ ಇರುತ್ತದೆ. ಸಿಡಿದ ಆಯಿಲ್ ಹೊರಹೋಗಲೆಂದು ಪ್ಯಾನಿನ ಪಕ್ಕಕ್ಕೆ ಉಬ್ಬು ಕೊಡುತ್ತಾರೆ. ಒಳ್ಳೆಯ ಪ್ಯಾನು ಆಯಿಲನ್ನು ಪಿಕಪ್ಪಿನ ಹತ್ತಿರ ಇಡಬೇಕು, ಕ್ರ್ಯಾಂಕಿನಿಂದ ದೂರವೂ ಇಡಬೇಕು. ನೆಲಕ್ಕೆ ಹತ್ತಿರ ಕೂತ ಕಾರಿನಲ್ಲಿ ಇವೆರಡನ್ನೂ ಸಾಧಿಸುವುದೇ ಕಷ್ಟದ ಕೆಲಸ.

“ಡ್ರೈ ಸಂಪ್ ಎರಡನ್ನೂ ಒಂದೇ ಏಟಿಗೆ ಬಗೆಹರಿಸತ್ತೆ,” ಎಂದು ಅಳಿಯ ಮುಂದುವರಿಸಿದ. “ಬೆಂಗಳೂರಲ್ಲಿ ಅಮ್ಮನ ಮನೆಯಲ್ಲಿ ನೋಡಿ, ನೆಲದ ಸಂಪಿಂದ ಮೋಟರು ನೀರನ್ನ ಮೇಲಿನ ಟ್ಯಾಂಕಿಗೆ ಏರಿಸತ್ತೆ, ನಲ್ಲಿಗೆ ಬರೋದು ಟ್ಯಾಂಕಿಂದ. ಇಲ್ಲೂ ಹಂಗೇ. ಪ್ಯಾನಿಗೆ ಬಿದ್ದ ಆಯಿಲನ್ನ ಸ್ಕ್ಯಾವೆಂಜ್ ಪಂಪುಗಳು ತಕ್ಷಣ ಹೀರಿ ಎತ್ತರದ ಟ್ಯಾಂಕಿಗೆ ಕಳಿಸ್ತಾವೆ. ಅಲ್ಲಿ ಗಾಳಿ ಬೇರೆ ಆಗತ್ತೆ. ಟ್ಯಾಂಕಿನ ತಳದಿಂದ ಪ್ರೆಶರ್ ಪಂಪು ಬೇರಿಂಗಿಗೆ ಕೊಡತ್ತೆ. ಕಾರು ಯಾವ ಕಡೆ ವಾಲಿದರೂ ಟ್ಯಾಂಕಿನ ತಳದಲ್ಲಿ ಆಯಿಲ್ ಇದ್ದೇ ಇರತ್ತೆ.”

“ಡ್ರೈ ಸಂಪ್ ನನಗೆ ಹೊಸದಲ್ಲ ಕಣಪ್ಪಾ. ಹಳೇ ಬುಲೆಟ್ಟಲ್ಲಿ ಇದ್ದದ್ದೇ ಅದು. ಕ್ರ್ಯಾಂಕ್‌ಕೇಸಿನಲ್ಲೇ ಆಯಿಲಿಗೆ ಬೇರೆ ಗೂಡು, ಕೊಡೋಕೊಂದು ಪಂಪು, ವಾಪಸ್ ತರೋಕೊಂದು ಪಂಪು. ತಿಂಗಳುಗಟ್ಟಲೆ ನಿಲ್ಲಿಸಿಬಿಟ್ಟರೆ ಗೂಡಿನ ಆಯಿಲು ನಿಧಾನಕ್ಕೆ ಕ್ರ್ಯಾಂಕಿನ ಕಡೆ ಸೋರಿಕೊಂಡಿರೋದು. ಕಿಕ್ಕರ್ ಕಲ್ಲು ಒದ್ದಂಗೆ ಇರೋದು. ಸ್ಟಾರ್ಟ್ ಆದರೆ ಹೊಗೆ. ಗಿರಾಕಿ ಇಂಜಿನ್ ಹೋಯ್ತು ಅಂತ ಓಡಿ ಬರೋರು, ಆಯಿಲ್ ಇಳಿಸಿ ಕಳಿಸ್ತಿದ್ವಿ. ಒಂದು ತೊಂದರೆ ಕಳೆಯೋಕೆ ಅಂತ ಬಂದಿದ್ದು ತನ್ನದೇ ಒಂದು ತೊಂದರೆ ತರುತ್ತೆ, ಅದನ್ನೂ ಲೆಕ್ಕಕ್ಕೆ ಹಿಡಿ.”

“ಆದರೂ ಕಂಪನಿಯವರೇ ಒಪ್ಪಿಕೊಂಡು ಅದರ ಕಡೆಗೇ ಹೋದರಲ್ಲ. ಪೋರ್ಷೆ 911 ಮೊದಲಿಂದಲೂ ಡ್ರೈ ಸಂಪ್. ಈ ಸಿ5ರದ್ದೇ ರೇಸ್ ಅವತಾರ ಸಿ5-ಆರ್ ಇತ್ತು, ಲೆ ಮಾನ್ಸ್‌ನಲ್ಲಿ 2001, 2002, 2004ರಲ್ಲಿ ತನ್ನ ವರ್ಗ ಗೆದ್ದಿದ್ದು. ಅದರಲ್ಲಿ ಇದ್ದದ್ದು ಡ್ರೈ ಸಂಪು. 2006ರಲ್ಲಿ ರಸ್ತೆ ಮೇಲೆ ಓಡೋ ಕಾರ್ವೆಟ್ ಝೆಡ್06ಗೂ ಕೊಟ್ಟರು, ಏಳು ಲೀಟರಿನ ಎಲ್‌ಎಸ್7 ಇಂಜಿನ್ನು, 505 ಅಶ್ವಶಕ್ತಿ. 2014ರ ಕಾರ್ವೆಟ್‌ನಲ್ಲಿ ಟ್ರ್ಯಾಕಿಗೆ ಹೋಗೋರು ಝೆಡ್51 ಪ್ಯಾಕೇಜ್ ತಗೊಂಡರೆ ಡ್ರೈ ಸಂಪ್ ಸಿಗ್ತಿತ್ತು. 2020ರಲ್ಲಿ ಇಂಜಿನ್ ಹಿಂದಕ್ಕೆ ಹೋದ ಸಿ8 ಬಂತು. ಅದರಲ್ಲಿ ಎಲ್ಲಾ ಕಾರಿಗೂ ಡ್ರೈ ಸಂಪು, ಮೂರು ಸ್ಕ್ಯಾವೆಂಜ್ ಪಂಪು. ಇಷ್ಟು ವರ್ಷದ ದಾರಿ ನೋಡಿದರೆ ಗೊತ್ತಾಗಲ್ವಾ?”

ಮಾವನ ಪ್ರಶ್ನೆ ಸಿದ್ಧವಾಗಿತ್ತು. “2006ರದ್ದರಲ್ಲಿ ಟ್ಯಾಂಕು ಎಲ್ಲಿಟ್ಟರು?”

“ಬಾನೆಟ್ ಕೆಳಗೆ, ಬ್ಯಾಟರಿ ಇರ್ತಿದ್ದ ಜಾಗದಲ್ಲಿ. ಬ್ಯಾಟರಿ ಹಿಂದಕ್ಕೆ ಹೋಯಿತು.”

“ನೋಡು, ಕಂಪನಿಯವರು ಬ್ಯಾಟರಿ ಎತ್ತಿ ಹಿಂದಕ್ಕೆ ಇಟ್ಟರು. ಕಾರನ್ನೇ ಅದಕ್ಕೆ ತಕ್ಕಂಗೆ ಮಾಡಿದರು. ನೀನು ಕೊಳ್ಳೋ ಕಿಟ್ಟಿನಲ್ಲಿ ಪಂಪು ಇಂಜಿನ್ ಹೊರಗೆ ಬೆಲ್ಟಿನ ಮೇಲೆ ಓಡುತ್ತೆ. ಮೆದುಗೊಳವೆ ಎಷ್ಟು, ಅದರ ಜಾಯಿಂಟು ಎಷ್ಟು, ಎಣಿಸು. ಬೆಲ್ಟ್ ಹಾರಿತು ಅಂದರೆ ಪ್ರೆಶರ್ ಸೊನ್ನೆ. ತಿರುವಲ್ಲಿ ಮಾತ್ರ ಅಲ್ಲ, ನೇರ ರಸ್ತೆಯಲ್ಲೂ ಸೊನ್ನೆ. ಕಂಪನಿ ಪಂಪು ಕ್ರ್ಯಾಂಕಿನ ಮೂತಿಗೇ ಕೂತಿದೆ, ಅದು ಹಾರೋದಿಲ್ಲ. ಅವರ ಟ್ಯಾಂಕು ಮೊದಲ ಸಲಕ್ಕೇ ಸಾಕಾಯ್ತಾ?”

“2006ರಲ್ಲಿ ಎಂಟು ಕ್ವಾರ್ಟ್ ಇತ್ತು. 2009ಕ್ಕೆ ಹತ್ತೂವರೆ ಮಾಡಿದರು.”

“ಅಷ್ಟು ದೊಡ್ಡ ಕಂಪನಿ ಮೂರು ವರ್ಷದಲ್ಲಿ ಟ್ಯಾಂಕ್ ದೊಡ್ಡದು ಮಾಡಿದೆ. ಅಂದಮೇಲೆ ಡ್ರೈ ಸಂಪ್ ಅಂದ ಮಾತ್ರಕ್ಕೆ ಎಲ್ಲ ಮುಗೀತು ಅನ್ನಬೇಡ.”

ಕಿರಿಯವನು ಅದನ್ನು ಒಪ್ಪಿದ. ಪೋರ್ಷೆಯ ಇನ್ನೊಂದು ಕಥೆಯನ್ನು ತಾನೇ ಸೇರಿಸಿದ. 1972ರ 911ರಲ್ಲಿ ಆಯಿಲ್ ಟ್ಯಾಂಕನ್ನು ಬಲಗಡೆಯ ಹಿಂಬದಿ ಚಕ್ರದ ಮುಂದಕ್ಕೆ ತಂದು, ಆಯಿಲ್ ಹಾಕಲು ಹೊರಗಿನಿಂದ ಒಂದು ಮುಚ್ಚಳ ಕೊಟ್ಟಿದ್ದರು. ಬಂಕಿನ ಹುಡುಗರು ಅದನ್ನು ಪೆಟ್ರೋಲ್ ಮುಚ್ಚಳ ಎಂದುಕೊಂಡರು. ಮರುವರ್ಷವೇ ಕಂಪನಿ ಅದನ್ನು ಕೈಬಿಟ್ಟಿತು.

“ಹಾಗಂತ ಪೋರ್ಷೆಯವರು ಡ್ರೈ ಸಂಪನ್ನ ಬಿಡಲಿಲ್ಲ ಮಾವ, ಮುಚ್ಚಳವನ್ನ ಬಿಟ್ಟರು.”

“ಅದೂ ನ್ಯಾಯವೇ. ಬ್ಯಾಫಲ್ಲಿಗೂ ಡ್ರೈ ಸಂಪಿಗೂ ಮಧ್ಯೆ ಇನ್ನೇನೂ ಇಲ್ವಾ?”

“ಅಕ್ಯುಸಂಪ್ ಅಂತ ಇದೆ. ಒಂದು ಸಿಲಿಂಡರು, ಒಳಗೆ ಪಿಸ್ಟನ್ನು. ಪಿಸ್ಟನ್ನಿನ ಒಂದು ಕಡೆ ಆಯಿಲ್, ಇನ್ನೊಂದು ಕಡೆ ಒತ್ತಿದ ಗಾಳಿ. ಇಂಜಿನ್ನಿನ ಪ್ರೆಶರ್ ಬಿದ್ದ ಕೂಡಲೇ ಗಾಳಿ ದೂಡಿ ಎರಡು ಮೂರು ಕ್ವಾರ್ಟ್ ಆಯಿಲ್ ಬೇರಿಂಗಿಗೆ ಕಳಿಸತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಕವಾಟ ತೆಗೆದರೆ ಒಣಗಿದ ಬೇರಿಂಗಿಗೆ ಮೊದಲೇ ಆಯಿಲ್ ಹೋಗಿರತ್ತೆ.”

“ಅದು ನನಗೆ ಹಿಡಿಸಿತು. ಸ್ಟಾರ್ಟ್ ಆಗೋ ಹೊತ್ತಲ್ಲಿ ಬೇರಿಂಗ್ ಸವೆಯೋದು ಯಾವ ಕಾರಿಗೂ ತಪ್ಪಿದ್ದಲ್ಲ.”

“ನನಗೆ ಅಷ್ಟು ಹಿಡಿಸಿಲ್ಲ. ಒಂದು ತಿರುವಿಗೆ ಅದು ಖಾಲಿ ಆಯಿತು ಅನ್ಕೊಳ್ಳಿ. ಮತ್ತೆ ತುಂಬಿಕೊಳ್ಳೋದು ಎಲ್ಲಿಂದ? ಅದೇ ಚೇಂಬರಿಂದ. ಮುಂದಿನ ತಿರುವು ಅಷ್ಟರಲ್ಲಿ ಬಂದಿರತ್ತೆ. ಸುತ್ತು ಸುತ್ತಿಗೂ ಅದೇ ಕತೆ ಆದರೆ ಕಾಯಿಲೆ ವಾಸಿ ಆಗಲ್ಲ, ಮುಂದಕ್ಕೆ ಹೋಗತ್ತೆ ಅಷ್ಟೇ.”

“ಸುತ್ತು ಸುತ್ತಿಗೂ ಪ್ರೆಶರ್ ಬೀಳ್ತಿದೆ ಅಂದರೆ ತಾನೇ? ಬೀಳ್ತಿದೆಯಾ? ಗೇಜ್ ಏನು ಹೇಳುತ್ತೆ?”

ಮೊದಲ ಸಲ ಅಳಿಯನ ಉತ್ತರ ತಡವಾಯಿತು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಶರ್ ಗೇಜು ಇದೆ. ಆದರೆ ತಿರುವಿನ ನಡುವೆ ಕಣ್ಣು ರಸ್ತೆಯ ಮೇಲಿರಬೇಕು, ಮುಳ್ಳಿನ ಮೇಲಲ್ಲ. ಬಿದ್ದು ಎದ್ದ ಪ್ರೆಶರನ್ನು ಮುಳ್ಳು ತಡವಾಗಿ ತೋರಿಸುತ್ತದೆ. ಟ್ರ್ಯಾಕಿನವರು ಇದಕ್ಕಾಗಿ ಬೇರೆ ಸೆನ್ಸರ್ ಕೂರಿಸಿ, ಪ್ರೆಶರ್, ಆರ್‌ಪಿಎಂ ಮತ್ತು ಪಕ್ಕದ ಎಳೆತ ಮೂರನ್ನೂ ಒಟ್ಟಿಗೇ ದಾಖಲಿಸುತ್ತಾರೆ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು ಎಂಬುದು ಅಮೆರಿಕದ ಇಂಜಿನ್ ಕಟ್ಟುವವರ ಹಳೆಯ ಕೈಲೆಕ್ಕ. ತಿರುವಿನಲ್ಲಿ ಎಳೆತದ ಗೆರೆ ಏರಿದಾಗ ಪ್ರೆಶರಿನ ಗೆರೆ ಕುಸಿದಿದ್ದರೆ ಪಿಕಪ್ಪಿಗೆ ಗಾಳಿ ಸಿಕ್ಕಿದೆ ಎಂದೇ ತಿಳಿಯಬೇಕು.

“ಅಂದರೆ ನಿನ್ನ ಹತ್ತಿರ ದಾಖಲೆ ಇಲ್ಲ. ಮೊದಲು ಅದನ್ನ ಹಾಕಿಸು. ಬಿದ್ದರೆ ನೀನು ಹೇಳಿದ್ದು ಸರಿ, ಬೀಳದಿದ್ದರೆ ನಾನು ಹೇಳಿದ್ದು ಸರಿ.”

“ಅಲ್ಲೇ ಸಿಕ್ಕು ಇರೋದು ಮಾವ. ಬಿದ್ದಿದೆ ಅಂತ ದಾಖಲೆಯಲ್ಲಿ ಕಾಣೋ ಹೊತ್ತಿಗೆ ಬೇರಿಂಗ್ ಏಟು ತಿಂದಾಗಿರತ್ತೆ. ಅಳೆದು ತಿಳ್ಕೋಳೋಕೆ ಇಂಜಿನ್ನನ್ನೇ ಪಣಕ್ಕೆ ಇಡಬೇಕು.”

“ಒಂದೇ ದಿನಕ್ಕೆ ಪೂರ್ತಿ ವೇಗಕ್ಕೆ ಹೋದರೆ ಹೌದು. ರಸ್ತೆ ಟಯರಲ್ಲಿ ಶುರು ಮಾಡು. ಪ್ರೆಶರ್ ಒಂದು ಮಟ್ಟಕ್ಕಿಂತ ಕೆಳಗೆ ಬಂದರೆ ಕಣ್ಣಿಗೆ ಹೊಡೆಯೋ ಹಂಗೆ ಕೆಂಪು ದೀಪ ಇಡು. ಉರೀತು ಅಂದರೆ ಕಾಲು ಎತ್ತು. ಮನೆಗೆ ಬಂದು ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡು. ಬೇರಿಂಗಿನ ಪುಡಿ ಇದ್ದರೆ ಅಲ್ಲಿ ಸಿಕ್ಕೇ ಸಿಗುತ್ತೆ. ಸ್ವಲ್ಪ ಸ್ವಲ್ಪ ವೇಗ ಏರಿಸ್ತಾ ಹೋದರೆ ಎಲ್ಲಿ ಕೈ ಕೊಡುತ್ತೆ ಅನ್ನೋದು ಒಡೆಯೋಕೆ ಮುಂಚೆ ತಿಳಿಯುತ್ತೆ.”

“ರಸ್ತೆ ಟಯರಲ್ಲಿ ಏನೂ ಆಗಲ್ಲ ಅನ್ಕೊಳ್ಳಿ. ನಾನು ಸ್ಲಿಕ್ ಹಾಕಿದ ದಿನ?”

“ಆ ದಿನ ಲೆಕ್ಕ ಬೇರೆ.”

“ನಾನು ಹೇಳ್ತಿರೋದೂ ಅದೇ. ಟಯರು ಬದಲಾದರೆ ಎಳೆತ ಬದಲಾಗತ್ತೆ, ಆಯಿಲಿನ ಓರೆ ಬದಲಾಗತ್ತೆ. ಚೇಂಬರನ್ನ ಇಂಜಿನ್ ನೋಡಿ ಅಷ್ಟೇ ಅಲ್ಲ, ಟಯರ್ ನೋಡೀನೂ ಆರಿಸಬೇಕು. ಎರಡು ವರ್ಷ ಬಿಟ್ಟು ಸ್ಲಿಕ್ಕಿಗೆ ಹೋಗೋನು ಈಗ ಬ್ಯಾಫಲ್ ಹಾಕಿ, ಆಮೇಲೆ ಡ್ರೈ ಸಂಪ್ ಹಾಕಿದರೆ ಮುಂದಿನ ಕ್ರಾಸ್‌ಮೆಂಬರ್ ಎರಡು ಸಲ ಇಳಿಸಬೇಕು, ದುಡ್ಡು ಎರಡು ಸಲ ಖರ್ಚು.”

“ಎರಡು ವರ್ಷ ಬಿಟ್ಟು ಹೋಗ್ತೀಯಾ?”

“ಹೋಗಬೇಕು ಅಂತ ಆಸೆ ಇದೆ.”

“ಆಸೆಗೆ ತಕ್ಕ ಚೇಂಬರ್ ಬೇರೆ, ಓಡಿಸೋದಕ್ಕೆ ತಕ್ಕ ಚೇಂಬರ್ ಬೇರೆ. ವಾರದಲ್ಲಿ ಐದು ದಿನ ಈ ಕಾರು ಟ್ರ್ಯಾಕಿನಲ್ಲಿ ಇರೋದಿಲ್ಲ. ಬೆಳಗಿನ ಚಳೀಲಿ ಆ ದೊಡ್ಡ ಟ್ಯಾಂಕಿನ ಹತ್ತು ಲೀಟರ್ ಆಯಿಲ್ ಕಾಯೋಕೇ ಎಷ್ಟು ಹೊತ್ತು ಬೇಕು?”

ತಾಂತ್ರಿಕ ವಾದ ಇಲ್ಲಿಗೆ ಬಂದು ನಿಂತಿತು. ಯಾವುದನ್ನೇ ಹಾಕಿದರೂ ಹಾಕುವ ರೀತಿಯ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಹೊಸ ಪ್ಯಾನನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಕೂರಿಸಬಾರದು ಎಂದರು ಮಾವ. ವೆಲ್ಡಿಂಗಿನ ಕಿಟ್ಟ, ಎರಕದ ಮರಳು, ಮೆಷಿನ್ನಿನ ಚೂರು ಮೂಲೆಗಳಲ್ಲಿ ಉಳಿದಿರುತ್ತವೆ. ಅವು ಪಿಕಪ್ಪಿನ ಜಾಲರಿ ದಾಟಿದರೆ ಪಂಪಿಗೇ ಅಪಾಯ. ಸೀಮೆಎಣ್ಣೆ ಹಾಕಿ ಬ್ರಶ್ಶಿನಲ್ಲಿ ಉಜ್ಜಿ ತೊಳೆಯಬೇಕು. ವೆಲ್ಡ್ ಮಾಡಿದ ಪ್ಯಾನಾದರೆ ಅದರಲ್ಲಿ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಕಾಗದದ ಮೇಲೆ ಇಟ್ಟು ಎಲ್ಲಾದರೂ ಒಸರುತ್ತದೆಯೇ ನೋಡಬೇಕು.

ಪಿಕಪ್ಪಿಗೂ ಪ್ಯಾನಿನ ತಳಕ್ಕೂ ಇರುವ ಅಂತರ ಅಳೆಯಲೇಬೇಕು ಎಂದ ಅಳಿಯ. ಪಿಕಪ್ಪಿನ ಬಾಯಿಗೆ ಜೇಡಿಮಣ್ಣಿನ ಉಂಡೆ ಅಂಟಿಸಿ, ಗ್ಯಾಸ್ಕೆಟ್ ಸಮೇತ ಪ್ಯಾನನ್ನು ಒಮ್ಮೆ ಒತ್ತಿ ಹಿಡಿದು ತೆಗೆದರೆ ಅಪ್ಪಚ್ಚಿಯಾದ ಮಣ್ಣಿನ ದಪ್ಪವೇ ಅಂತರ. ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ಇರಬೇಕು. ಕಡಿಮೆಯಾದರೆ ಪಂಪಿಗೆ ಸಾಕಷ್ಟು ಆಯಿಲ್ ಬರುವುದಿಲ್ಲ, ಹೆಚ್ಚಾದರೆ ಆಯಿಲ್ ಸ್ವಲ್ಪ ಸರಿದರೂ ಗಾಳಿ ಸಿಗುತ್ತದೆ. ಎಲ್‌ಎಸ್ ಇಂಜಿನ್ನಿನಲ್ಲಿ ಪಿಕಪ್ ಪೈಪು ಪಂಪಿಗೆ ಸೇರುವಲ್ಲಿ ಒಂದು ರಬ್ಬರ್ ಓ-ರಿಂಗ್ ಇದೆ. ತಪ್ಪು ಅಳತೆಯದು ಬಿದ್ದರೆ, ಕೂರಿಸುವಾಗ ಮಡಿಚಿ ಕತ್ತರಿಸಿಹೋದರೆ, ಪಂಪು ಅಲ್ಲಿಂದಲೇ ಗಾಳಿ ಎಳೆಯುತ್ತದೆ.

“ಎಷ್ಟು ದುಡ್ಡಿನ ಪ್ಯಾನು ಹಾಕಿದರೂ ಆ ರಬ್ಬರು ಸರಿ ಇಲ್ಲದಿದ್ದರೆ ಬೇರಿಂಗ್ ಹೋಗತ್ತೆ,” ಎಂದ ಅಳಿಯ.

“ಅದನ್ನ ನೀನೇ ಕೂರಿಸು, ಬೇರೆಯವರ ಕೈಗೆ ಬಿಡಬೇಡ,” ಎಂದರು ಮಾವ.

ಕೊನೆಗೆ ಆದ ತೀರ್ಮಾನವನ್ನು ಒಬ್ಬರ ಗೆಲುವು ಎನ್ನುವಂತಿಲ್ಲ. ಈ ವರ್ಷ ಕಂಪನಿಯ ಬ್ಯಾಟ್‌ವಿಂಗ್ ಪ್ಯಾನೇ ಉಳಿಯುತ್ತದೆ. ಅದರೊಳಗೆ ಬ್ಯಾಫಲ್ ಬರುತ್ತದೆ, ಹೊಸ ಓ-ರಿಂಗ್ ಬರುತ್ತದೆ, ಪ್ರೆಶರ್ ದಾಖಲಿಸುವ ಸೆನ್ಸರೂ ಕೆಂಪು ದೀಪವೂ ಬರುತ್ತವೆ. ರಸ್ತೆ ಟಯರಿನಲ್ಲೇ ಪ್ರೆಶರ್ ಕುಸಿದದ್ದು ಕಂಡರೆ ಡ್ರೈ ಸಂಪಿಗೆ ಮಾವನ ತಕರಾರು ಇಲ್ಲ. ಸ್ಲಿಕ್ ಟಯರ್ ಕೊಳ್ಳುವ ದಿನ ಯಾವ ದಾಖಲೆಯನ್ನೂ ಕಾಯದೆ ಡ್ರೈ ಸಂಪ್ ಹಾಕಿಸುವುದಾಗಿ ಅಳಿಯ ಹೇಳಿದ. ಮಾವ ಅದನ್ನು ಪೂರ್ತಿ ಒಪ್ಪಲಿಲ್ಲ. ಹೆಡ್ಡಿನಲ್ಲಿ ಸಿಕ್ಕಿಕೊಳ್ಳುವ ಆಯಿಲಿಗೆ ಬ್ಯಾಫಲ್ ಉತ್ತರವಲ್ಲ ಎಂಬ ಅಳಿಯನ ಮಾತಿಗೆ ಅವರ ಬಳಿಯೂ ಉತ್ತರ ಇರಲಿಲ್ಲ. ಅಕ್ಯುಸಂಪಿನ ಪ್ರಶ್ನೆ ಹಾಗೆಯೇ ಉಳಿಯಿತು.

ಟ್ರ್ಯಾಕಿಗೆ ಹೋಗುವ ಕಾರಿಗೆ ಪ್ಯಾನು ಆರಿಸಲು ಹೊರಟಿರುವ ಓದುಗರಿಗೆ ಇಷ್ಟು ಹೇಳಬಹುದು. ಕ್ಯಾಟಲಾಗಿನಲ್ಲಿ ಲೀಟರುಗಳನ್ನು ಹೋಲಿಸುವ ಮುನ್ನ ನಿಮ್ಮ ಟ್ರ್ಯಾಕಿನಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವ ತಿರುವು ಯಾವುದು, ಅದು ಯಾವ ಕಡೆಗೆ, ನಿಮ್ಮ ಟಯರು ಅಲ್ಲಿ ಎಷ್ಟು ಎಳೆತ ಕೊಡುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಕಾರಿನ ಕ್ರಾಸ್‌ಮೆಂಬರಿನ ಕೆಳಗೆ ಇಳಿಯುವ ಪ್ಯಾನನ್ನು ರಸ್ತೆಯಲ್ಲೂ ಓಡಿಸುವ ಕಾರಿಗೆ ಹಾಕಬೇಡಿ. ಪ್ಯಾನಿಗೆ ಹಣ ಕೊಡುವ ಮೊದಲು ಪ್ರೆಶರ್ ಸೆನ್ಸರಿಗೂ ಎಚ್ಚರಿಕೆಯ ದೀಪಕ್ಕೂ ಹಣ ಕೊಡಿ. ಯಾವ ಪ್ಯಾನು ಕೂತಿದ್ದರೂ ಮೊದಲ ದಿನದ ದಾಖಲೆಯನ್ನು ತಿರುವು ತಿರುವಾಗಿ ನೋಡಿ, ಆಮೇಲಷ್ಟೇ ವೇಗ ಏರಿಸಿ.